ಕೊಡಗಿನಲ್ಲಿ ಮನೆ ಕಟ್ಟುವವರಿಗೆ: ಬ್ಲಾಕೋ, ಮಣ್ಣಿನ ಇಟ್ಟಿಗೆಯೋ, ಉಕ್ಕಿನ ಚೌಕಟ್ಟೋ?

ಮನೆ ಕಟ್ಟಿಸಬೇಕೆಂದು ಬರುವವರು ಈಗೀಗ ಕೂರುವ ಮೊದಲೇ ಮೊಬೈಲ್ ತೆಗೆದು ವಿಡಿಯೊ ತೋರಿಸುತ್ತಾರೆ. ಕ್ರೇನು ಇಡೀ ಗೋಡೆಯನ್ನು ಎತ್ತಿ ತಂದು ನಿಲ್ಲಿಸುತ್ತದೆ. ಇನ್ನೊಂದರಲ್ಲಿ ಯಂತ್ರದ ಮೂತಿಯಿಂದ ಕಾಂಕ್ರೀಟು ನೂಪುಟ್ಟಿನ ಶಾವಿಗೆ ಒತ್ತಿದ ಹಾಗೆ ಇಳಿದು, ಸುತ್ತು ಸುತ್ತಾಗಿ ಗೋಡೆ ಏಳುತ್ತದೆ. ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ 1,021 ಚದರ ಅಡಿಯ ಅಂಚೆ ಕಚೇರಿಯನ್ನು ಹೀಗೇ ಮುದ್ರಿಸಿದ್ದು, ಒಂದೂವರೆ ತಿಂಗಳೊಳಗೆ. "ಸಾರ್, ನಮ್ದೂ ಹಿಂಗೇ ಆಗ್ಬೇಕು."

ಆಗಲಿ. ಆದರೆ ನಾನು ಮೊದಲು ಕೇಳುವುದು ಬೇರೆ: ಡಾಂಬರು ರಸ್ತೆ ಬಿಟ್ಟ ಮೇಲೆ, ತೋಟದ ಗೇಟು ದಾಟಿ, ತೋಟದ ಆಳುಗಳ ಲೈನ್‌ಮನೆ ಪಕ್ಕದ ಆ ಕೊನೇ ತಿರುವಿನಲ್ಲಿ ಯಾವ ಗಾಡಿ ತಿರುಗುತ್ತದೆ? ಆರು ಚಕ್ರದ ಲಾರಿಯೋ, ಟ್ರ್ಯಾಕ್ಟರೋ, ಪಿಕಪ್ಪೋ, ಬರೀ ಜೀಪೋ? ಕೊಡಗಿನಲ್ಲಿ ಅರ್ಧಕ್ಕರ್ಧ ತಂತ್ರಜ್ಞಾನವನ್ನು ಆರಿಸುವುದು ಆ ತಿರುವು. ಉಳಿದರ್ಧವನ್ನು ಕ್ಯಾಲೆಂಡರು ಆರಿಸುತ್ತದೆ.

ಕ್ಯಾಲೆಂಡರಿನ ಲೆಕ್ಕ ಹೀಗೆ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ಮಳೆ ಕೈಬಿಡುತ್ತದೆ, ಕೆಲಸ ಶುರು. ಮೇ ಕೊನೆಗೆ ಸೂರು ಮುಚ್ಚಿರಬೇಕು. ಏಳೂವರೆ ತಿಂಗಳು ಎಂದು ಕಾಣುತ್ತದೆ, ಆದರೆ ಪುತ್ತರಿ ಹಬ್ಬ ಕಳೆಯುತ್ತಿದ್ದಂತೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆಗ ಗಾರೆ ಕೆಲಸದ ಕೈಯಾಳುಗಳೂ ಕಾಫಿ ಕುಯ್ಯಲು ಹೋಗುತ್ತಾರೆ, ಪಿಕಪ್ಪುಗಳು ಕಾಫಿ ಮೂಟೆ ಹೊರುತ್ತವೆ. ಮಳೆಗಾಲ ಹಿಡಿದರೆ ಮರಳು, ಮರ ಸಾಗಿಸುವ ಲಾರಿಗಳಿಗೂ ಭಾರಿ ಗಾಡಿಗಳಿಗೂ ಜಿಲ್ಲಾಡಳಿತ ನಿರ್ಬಂಧ ಹಾಕುವುದು ವರ್ಷಾ ಇದ್ದದ್ದೇ. ಹೀಗಾಗಿ ಮೈಸೂರಿನವರಿಗೆ "ಬೇಗ ಮುಗಿಯುತ್ತೆ" ಎನ್ನುವುದು ಒಂದು ಅನುಕೂಲ, ಅಷ್ಟೆ. ನಮ್ಮಲ್ಲಿ ಬೇಗ ಮುಗಿಯದ ಕೆಲಸ ಇನ್ನೊಂದು ಮಳೆಗಾಲವನ್ನು ಟಾರ್ಪಾಲಿನ ಕೆಳಗೆ ಕಳೆಯುತ್ತದೆ.

ಜಿಲ್ಲೆಯೆಲ್ಲ ಒಂದೇ ಎಂದೂ ತಿಳಿಯಬೇಡಿ. ಭಾಗಮಂಡಲದಲ್ಲಿ ವರ್ಷಕ್ಕೆ 6,000 ಮಿಲಿಮೀಟರ್ ಆಸುಪಾಸು ಮಳೆ, ಮಡಿಕೇರಿಯಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು, ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಇಳಿದು ಕುಶಾಲನಗರಕ್ಕೆ ಬಂದರೆ ಬಯಲುಸೀಮೆಯ ಗಾಳಿ. ಕುಶಾಲನಗರದ ಪಕ್ಕದ ಕೂಡಿಗೆಯಲ್ಲಿ ಚೆನ್ನಾಗಿ ನಿಂತ ಗೋಡೆ ನಾಪೋಕ್ಲು ಕಡೆ ಪಾಚಿ ಹಿಡಿಯುತ್ತದೆ.

ಮೊದಲು ನೆಲ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಕಾಲೂರು ಕಡೆ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಮರುವರ್ಷ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ವಿಪರೀತ ಮಳೆ ಒಂದು ಕಾರಣವಾದರೆ, ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದು ಇನ್ನೊಂದು. ಹಿಟಾಚಿ ಬಂದು ಎರಡು ದಿನದಲ್ಲಿ ಗುಡ್ಡ ಕೆರೆದು ಅಂಗಳ ಮಾಡಿಕೊಟ್ಟು ಹೋಗುತ್ತದೆ. ಹಿಂದೆ ಹದಿನೈದು ಅಡಿ ನೆಟ್ಟನೆಯ ಬರೆ, ಅಂದರೆ ಕಡಿದ ಗುಡ್ಡದ ಮೈ, ನಿಂತಿರುತ್ತದೆ. ಆ ಬರೆಗೆ ತಡೆಗೋಡೆ ಕಟ್ಟುವ ದುಡ್ಡಿನಲ್ಲಿ ಮನೆಯ ಅರ್ಧ ಗೋಡೆ ಏಳುತ್ತಿತ್ತು.

ಇಲ್ಲಿ ಆಯ್ಕೆ ಎರಡು. ಗುಡ್ಡ ಕಡಿದು ಮಟ್ಟ ಮಾಡುವುದು, ಇಲ್ಲವೇ ಗುಡ್ಡ ಇದ್ದ ಹಾಗೇ ಬಿಟ್ಟು, ಮೇಲ್ಭಾಗದಲ್ಲಿ ಚಿಕ್ಕ ಕಂಬ, ತಗ್ಗಿನ ಕಡೆ ಉದ್ದ ಕಂಬ ಎಬ್ಬಿಸಿ ಮನೆಯನ್ನು ಅದರ ಮೇಲೆ ಕೂರಿಸುವುದು. ಎರಡನೆಯದಕ್ಕೆ ಕಬ್ಬಿಣ ಹೆಚ್ಚು ಬೇಕು. ಆದರೂ ನಾನು ಅದರ ಪರ. ಕೆಳಗೆ ಉಳಿಯುವ ಜಾಗದಲ್ಲಿ ಜೀಪು ನಿಲ್ಲಿಸಬಹುದು, ಸೌದೆ ಒಟ್ಟಬಹುದು.

ಯಾವುದೇ ಮಾಡಿದರೂ ಮೊದಲು ಜಾಗದ ಏರಿಳಿತ ಅಳೆಯಬೇಕು, ಡ್ರೋನ್ ಸರ್ವೆ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಯಲು ಜಾಗಕ್ಕೆ ಅದು ಚಿನ್ನ. ಸಿಲ್ವರ್ ಓಕ್, ಅತ್ತಿ, ಹಲಸಿನ ಮರಗಳ ಕೆಳಗೆ ಕಾಫಿ ಇರುವ ತೋಟದಲ್ಲಿ ಡ್ರೋನಿನ ಕ್ಯಾಮೆರಾಗೆ ಕಾಣುವುದು ಮರದ ನೆತ್ತಿ, ನೆಲ ಕಾಣುವುದಿಲ್ಲ. ಎಲೆಯ ಮಧ್ಯೆ ತೂರಿ ನೆಲ ಮುಟ್ಟುವ ಲೇಸರ್ ಡ್ರೋನ್ ಇದೆ, ಒಂದು ಮನೆಗೆ ಅದು ದುಬಾರಿ. ಟೋಟಲ್ ಸ್ಟೇಷನ್ ಎಂಬ ಸರ್ವೆ ಯಂತ್ರ ಹಿಡಿದು ಇಬ್ಬರು ಒಂದು ದಿನ ಗಿಡಗಳ ನಡುವೆ ಓಡಾಡಿದರೆ ಅರ್ಧ ಎಕರೆಯ ನಕ್ಷೆ ಕೈಗೆ ಬರುತ್ತದೆ. ನಮ್ಮ ತೋಟಗಳಿಗೆ ಅದೇ ಸಾಕು, ಅದೇ ಸರಿ.

ಮೊಬೈಲಿನ ದಿಶಾಂಕ್ ಆ್ಯಪ್ ಸರ್ವೆ ನಂಬರು ತಿಳಿಯಲು ಒಳ್ಳೆಯದು, ಪಾಯದ ಗೂಟ ಹೊಡೆಯಲು ಅದನ್ನು ನಂಬಬೇಡಿ. ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಭೂಕುಸಿತ ಸಾಧ್ಯತೆಯ ನಕ್ಷೆಯನ್ನೂ ನೋಡಿ, ಆದರೆ ಅದರ ಅಳತೆ 1:50,000. ಅಂದರೆ ಅದರ ಮೇಲಿನ ಒಂದು ಮಿಲಿಮೀಟರು ನೆಲದ ಮೇಲೆ 50 ಮೀಟರು. ನಿಮ್ಮ ಮನೆ, ಅಂಗಳ, ಹಿಂದಿನ ಬರೆ ಎಲ್ಲ ಸೇರಿ ಒಂದು ಪೆನ್ಸಿಲ್ ಚುಕ್ಕೆ. ಆ ಚುಕ್ಕೆ ಹಸಿರಿದ್ದ ಮಾತ್ರಕ್ಕೆ ಹದಿನೈದು ಅಡಿ ಕಡಿಯಬಹುದು ಎಂದು ಅರ್ಥವಲ್ಲ.

ತಡೆಗೋಡೆ ಕಟ್ಟಲೇಬೇಕಾದರೆ ಕಾಂಕ್ರೀಟಿಗಿಂತ ತಂತಿಬುಟ್ಟಿಯಲ್ಲಿ ಕಲ್ಲು ತುಂಬುವ ಗೇಬಿಯನ್ ಗೋಡೆ ನನಗೆ ಇಷ್ಟ. ನೀರು ತಾನಾಗಿ ಸೋರಿ ಹೋಗುತ್ತದೆ, ನೆಲ ಚೂರು ಅಲುಗಿದರೂ ಗೋಡೆ ಬಾಗಿಕೊಂಡು ನಿಲ್ಲುತ್ತದೆ. ಜಾಗ ಮಾತ್ರ ಹೆಚ್ಚು ತಿನ್ನುತ್ತದೆ. ಕಾಂಕ್ರೀಟ್ ಗೋಡೆಯಾದರೆ ನೀರು ಹೊರಬರುವ ತೂತುಗಳನ್ನೂ, ಅವುಗಳ ಹಿಂದೆ ಜಲ್ಲಿಯ ಪದರವನ್ನೂ ಬಿಡಬೇಕು. ತೂತು ಬಿಟ್ಟು ಹಿಂದೆ ಬರೀ ಮಣ್ಣು ತುಂಬಿದರೆ ಎರಡನೇ ಮಳೆಗೆ ತೂತು ಕಟ್ಟಿಕೊಳ್ಳುತ್ತದೆ, ಆಮೇಲೆ ಗೋಡೆ ಹೊರುವುದು ಮಣ್ಣಿನ ಜೊತೆಗೆ ನೀರನ್ನೂ.

ಗೋಡೆ: ತೂಕದ ಲೆಕ್ಕ

ಸದ್ಯ ಇಲ್ಲಿ ಹೆಚ್ಚು ಓಡುತ್ತಿರುವುದು ಮೂರು: ಸಾಲಿಡ್ ಕಾಂಕ್ರೀಟ್ ಬ್ಲಾಕು, ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ಎಎಸಿ ಬ್ಲಾಕು, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆ. ಸಂಪಾಜೆ ಘಾಟಿ ಹತ್ತಿ ಬರುವ ಕೆಂಪುಕಲ್ಲು ಇದ್ದೇ ಇದೆ. ಚೆಂಬು, ಸಂಪಾಜೆ ಕಡೆಯವರಿಗೆ ಅದು ಮನೆಬಾಗಿಲಿನ ಸಾಮಾನು, ಸೋಮವಾರಪೇಟೆಯವರಿಗೆ ಬಾಡಿಗೆಯೇ ಕಲ್ಲಿನ ಬೆಲೆ ಮೀರಬಹುದು. ಅದರ ಬಗ್ಗೆ ಇಷ್ಟು ಸಾಕು.

ಒಂದು ಲೆಕ್ಕ ಮಾಡೋಣ. 1,200 ಚದರ ಅಡಿಯ ಮನೆಗೆ ಕಿಟಕಿ ಬಾಗಿಲು ಕಳೆದು ಸುಮಾರು 2,000 ಚದರ ಅಡಿ ಗೋಡೆ ಎಂದಿಟ್ಟುಕೊಳ್ಳಿ. ಆರು ಇಂಚಿನ ಸಾಲಿಡ್ ಬ್ಲಾಕು ಒಂದೊಂದೂ 25 ಕೆಜಿ ಹತ್ತಿರ ತೂಗುತ್ತದೆ. ಅಷ್ಟು ಗೋಡೆಗೆ ಹೆಚ್ಚುಕಮ್ಮಿ 60 ಟನ್. ಎಎಸಿ ಬ್ಲಾಕು ಗಾತ್ರದಲ್ಲಿ ಅದರ ಒಂದೂವರೆ ಪಟ್ಟು ದೊಡ್ಡದು, ತೂಕದಲ್ಲಿ 11-12 ಕೆಜಿ. ಅದೇ ಗೋಡೆ 17 ಟನ್‌ನಲ್ಲಿ ಮುಗಿಯುತ್ತದೆ. ಕೊನೇ ತಿರುವಿನಿಂದಾಚೆಗೆ ಒಂದೂವರೆ ಟನ್ನಿನ ಪಿಕಪ್ಪು ಮಾತ್ರ ಹೋಗುತ್ತದೆಂದರೆ ಮೊದಲನೆಯದಕ್ಕೆ ನಲವತ್ತು ಟ್ರಿಪ್ಪು, ಎರಡನೆಯದಕ್ಕೆ ಹನ್ನೆರಡು. ಒಂದು ಬ್ಲಾಕಿಗೆ ಎಷ್ಟು ರೂಪಾಯಿ ಎಂದು ಅಂಗಡಿಯಲ್ಲಿ ಕೇಳಿ ಬಂದವರು ಈ ಇಪ್ಪತ್ತೆಂಟು ಟ್ರಿಪ್ಪಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಲಾರಿ ಜಾಗದವರೆಗೂ ಬರುವುದಾದರೆ ಈ ಅನುಕೂಲ ಹೆಚ್ಚು ಕಡಿಮೆ ಕರಗಿಹೋಗುತ್ತದೆ. ಆಗ ಸಾಲಿಡ್ ಬ್ಲಾಕೇ ಅಗ್ಗ.

ಎಎಸಿಯ ಇನ್ನೊಂದು ಗುಣ ಬೆಚ್ಚಗಿರುವುದು. ಒಳಗೆಲ್ಲ ಗಾಳಿಯ ಗುಳ್ಳೆಗಳಾದ್ದರಿಂದ ಮಡಿಕೇರಿಯ ಚಳಿಗೆ ಗೋಡೆ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಆ ಗುಳ್ಳೆಗಳೇ ಅದರ ದೋಷವೂ ಹೌದು, ನೀರು ಕುಡಿಯುತ್ತದೆ. ಇದನ್ನು ನಾನು ಪಾಠದಿಂದ ಕಲಿಯಲಿಲ್ಲ. ಕೆಲವು ವರ್ಷದ ಹಿಂದೆ ಮಾದಾಪುರ ಕಡೆ ಒಂದು ಮನೆಗೆ ಮೇ ಕೊನೇ ವಾರ ಬ್ಲಾಕು ಇಳಿಸಿಕೊಂಡೆ. ಮುಚ್ಚಿದ ಟಾರ್ಪಾಲು ಎರಡು ಕಡೆ ಹರಿದಿತ್ತು, ನೋಡಿಯೂ ಸುಮ್ಮನಿದ್ದೆ. ಜೂನ್ ಪೂರ್ತಿ ಬ್ಲಾಕು ನೆನೆಯಿತು. ಮನೆಯವರಿಗೆ ಅವಸರ, ನನಗೆ ಅವರ ಅವಸರ. ಒದ್ದೆ ಬ್ಲಾಕಿನಲ್ಲೇ ಗೋಡೆ ಕಟ್ಟಿ ಜುಲೈನಲ್ಲಿ ಗಿಲಾವು ಮಾಡಿಸಿದೆ. ಬೇಸಿಗೆ ಬಂದು ಗೋಡೆ ಒಣಗುತ್ತಿದ್ದಂತೆ ಬ್ಲಾಕು ಕುಗ್ಗಿತು, ಗಿಲಾವಿನ ಮೇಲೆ ಜೇಡರ ಬಲೆಯಂಥ ಬಿರುಕು. ಮನೆಯ ಹಿರಿಯರು ಒಂದೂ ಮಾತಾಡದೆ ಉಗುರಿನಿಂದ ಬಿರುಕನ್ನು ಕೆರೆದು ತೋರಿಸಿದರು. ಬೈದಿದ್ದರೆ ವಾಸಿಯಿತ್ತು. ಆ ಗಿಲಾವನ್ನು ನನ್ನ ಖರ್ಚಿನಲ್ಲೇ ತೆಗೆಸಿ ಮಾಡಿಸಿಕೊಟ್ಟೆ.

ಆದ್ದರಿಂದ ಎಎಸಿ ಆರಿಸುವುದಾದರೆ ಬ್ಲಾಕು ನೆಲದಿಂದ ಎತ್ತರಕ್ಕೆ, ಹಲಗೆಯ ಮೇಲೆ ಒಟ್ಟಬೇಕು. ಮಾಮೂಲಿ ಗಾರೆಯ ಬದಲು ಮೂರು ಮಿಲಿಮೀಟರ್ ದಪ್ಪಕ್ಕೆ ಹಚ್ಚುವ ಅಂಟುಗಾರೆ ಬಳಸಬೇಕು. ಬ್ಲಾಕೂ ಕಾಂಕ್ರೀಟ್ ಕಂಬವೂ ಕೂಡುವಲ್ಲಿ ಜಾಲರಿ ಹೊಡೆದೇ ಗಿಲಾವು ಮಾಡಬೇಕು. ಕಂಬ-ತೊಲೆಯ ಚೌಕಟ್ಟಿಲ್ಲದೆ ಬರೀ ಎಎಸಿ ಗೋಡೆಯ ಮೇಲೆ ತಾರಸಿ ಹೊರಿಸಲು ನಾನು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಭಾರದ ಕಪಾಟು ನೇತುಹಾಕಲು ಮಾಮೂಲಿ ಮೊಳೆ ನಿಲ್ಲದು, ಅದಕ್ಕೆಂದೇ ಬರುವ ಆ್ಯಂಕರ್ ಬೇಕು.

ಮಣ್ಣಿನ ಇಟ್ಟಿಗೆ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಇದು ಹಳೇ ಕಾಲದ ಹಸಿ ಇಟ್ಟಿಗೆಯ ಮುಂದುವರಿದ ರೂಪ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದು ಶುರುವಾದ ಆಸ್ತ್ರ ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ದುಡಿದು, ಕೈಯಿಂದ ಒತ್ತುವ ಯಂತ್ರವನ್ನೂ ಮಣ್ಣಿನ ಪ್ರಮಾಣವನ್ನೂ ರೂಢಿಗೆ ತಂದರು. ನೂರಕ್ಕೆ ಏಳೆಂಟು ಭಾಗ ಸಿಮೆಂಟು, ಉಳಿದದ್ದು ಮಣ್ಣು ಮತ್ತು ಮರಳು. ಸುಡುವುದಿಲ್ಲ, ಸೌದೆ ಬೇಡ. ಮನೆ ಪಾಯದಿಂದ ತೆಗೆದ ಮಣ್ಣೇ ಗೋಡೆಯಾಗಬಹುದು. ಪಿಕಪ್ಪೂ ಹೋಗದ ಜಾಗಕ್ಕೆ ಸಿಮೆಂಟಿನ ಚೀಲವೂ ಒಂದಿಷ್ಟು ಮರಳೂ ಹೊತ್ತರೆ ಸಾಕು.

ಆದರೆ ತೋಟದ ಮೇಲ್ಮಣ್ಣು, ಎಲೆ ಕೊಳೆತು ಕಪ್ಪಾದದ್ದು, ಇದಕ್ಕೆ ಬರುವುದಿಲ್ಲ. ಎರಡು ಮೂರು ಅಡಿ ಕೆಳಗಿನದು ಬೇಕು. ಪರೀಕ್ಷೆ ಮನೆಯಲ್ಲೇ ಮಾಡಿ: ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ತಳಕ್ಕೆ, ಜೇಡಿ ಮೇಲಕ್ಕೆ ಪದರವಾಗಿ ಕೂರುತ್ತದೆ. ಜೇಡಿಯ ಪದರ ದಪ್ಪಗಿದ್ದರೆ ಎಂ ಸ್ಯಾಂಡ್ ಬೆರೆಸಬೇಕು, ಇಲ್ಲವಾದರೆ ಇಟ್ಟಿಗೆ ಒಣಗುವಾಗಲೇ ಸೀಳುತ್ತದೆ. ಒತ್ತಿದ ಇಟ್ಟಿಗೆಯನ್ನು ನೆರಳಿನಲ್ಲಿಟ್ಟು ಮೂರು ನಾಲ್ಕು ವಾರ ನೀರು ಹಾಕಬೇಕು. ಅಂದರೆ ಅಕ್ಟೋಬರ್, ನವೆಂಬರಿನಲ್ಲೇ ಒತ್ತಿ ಮುಗಿಸಿ, ಕೊಯ್ಲಿನ ತಿಂಗಳುಗಳಲ್ಲಿ ಅವು ಒಟ್ಟಲಾಗಿ ಗಟ್ಟಿಯಾಗಲಿ.

ಈ ಗೋಡೆಗೆ ಜಡಿಮಳೆಯ ಏಟು ಬೀಳಬಾರದು. ಕೊಡವ ಕುಟುಂಬಗಳ ಹಳೇ ಐನ್‌ಮನೆಗಳನ್ನು ನೋಡಿ, ಕೈಯಾಲೆಯ, ಅಂದರೆ ಜಗಲಿಯ, ಸೂರು ಎಷ್ಟು ಮುಂದಕ್ಕೆ ಚಾಚಿ ಎಷ್ಟು ಕೆಳಗಿಳಿದಿರುತ್ತದೆ ಎಂದು. ಮೂರು ಅಡಿ ಚಾಚು, ನೆಲದಿಂದ ಎರಡು ಅಡಿ ಕಲ್ಲಿನ ಪೀಠ, ನೈಋತ್ಯ ದಿಕ್ಕಿನ ಗೋಡೆಗೆ ಹೊರಗಿನಿಂದ ಗಿಲಾವು. ಇಷ್ಟು ಒಪ್ಪುವುದಾದರೆ ಮಣ್ಣಿನ ಇಟ್ಟಿಗೆ. ಪೆಟ್ಟಿಗೆಯಂಥ ಮನೆ, ಸೂರೇ ಇಲ್ಲದ ಚೌಕ ಗೋಡೆ ಬೇಕೆನ್ನುವವರು ಇದರ ಆಸೆ ಬಿಡಿ. ಘಟ್ಟದ ಕೆಳಗಿನಿಂದಲೂ ಕೇರಳದಿಂದಲೂ ಸಿದ್ಧವಾಗಿ ಬರುವ ಇಂಟರ್‌ಲಾಕ್ ಇಟ್ಟಿಗೆಗೂ ಇದೇ ಮಾತು. ಗಾರೆ ಬೇಡ, ಒಂದರೊಳಗೊಂದು ಕೂರುತ್ತದೆ, ಚೆಂದ ಕಾಣುತ್ತದೆ ಎಂದು ಗಿಲಾವು ಬಿಟ್ಟವರ ಮನೆಯ ಒಳಗೋಡೆ ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಬೆವರುವುದನ್ನು ನೋಡಿದ್ದೇನೆ.

ಯಾವ ಗೋಡೆಯಾದರೂ ಕಿಟಕಿಯ ಮೇಲೆ ಸುತ್ತ ಬಿಡದಂತೆ ಕಬ್ಬಿಣ-ಕಾಂಕ್ರೀಟಿನ ಪಟ್ಟಿ ಓಡಿಸಿ. 2022ರ ಜೂನ್‌ನಲ್ಲಿ ಚೆಂಬು ಕಡೆ ನೆಲ ನಡುಗಿದಾಗ ಪಾತ್ರೆ ಅಲುಗಿದ್ದನ್ನು ಅಲ್ಲಿಯವರು ಇನ್ನೂ ಹೇಳುತ್ತಾರೆ.

ಕಾರ್ಖಾನೆಯಲ್ಲಿ ಹುಟ್ಟುವ ಮನೆ

ತೆಳು ಉಕ್ಕಿನ ಚೌಕಟ್ಟು, ಅದರ ಎರಡು ಬದಿಗೆ ಸಿಮೆಂಟ್ ಹಲಗೆ, ನಡುವೆ ಶಾಖ ತಡೆಯುವ ಕಲ್ಲುಹತ್ತಿ (ರಾಕ್‌ವೂಲ್). ಹೋಂಸ್ಟೇ ಕಟ್ಟುವವರಿಗೆ ಇದರ ಮೇಲೆ ಕಣ್ಣು. ಕೇಂದ್ರ ಸರ್ಕಾರ 2021ರ ಜನವರಿ 1ರಂದು ಆರು ಊರುಗಳಲ್ಲಿ ಲೈಟ್ ಹೌಸ್ ಯೋಜನೆಗೆ ಅಡಿಗಲ್ಲು ಹಾಕಿ, ಒಂದೊಂದು ಊರಿನಲ್ಲಿ ಒಂದೊಂದು ವಿಧಾನ ಪ್ರಯೋಗಿಸಿತು. ಅಗರ್ತಲಾದಲ್ಲಿ ಈ ಉಕ್ಕಿನ ಚೌಕಟ್ಟು, ಚೆನ್ನೈಯಲ್ಲಿ ಮೊದಲೇ ಎರೆದು ತಂದು ಜೋಡಿಸುವ ಪ್ರೀಕಾಸ್ಟ್ ಕಾಂಕ್ರೀಟು, ರಾಜ್‌ಕೋಟ್‌ನಲ್ಲಿ ಗೋಡೆ-ತಾರಸಿ ಒಟ್ಟಿಗೇ ಎರೆಯುವ ಸುರಂಗ ಅಚ್ಚು. ಒಂದೊಂದು ಕಡೆಯೂ ಸಾವಿರದಷ್ಟು ಮನೆ, ಎಲ್ಲಕ್ಕೂ ಒಂದೇ ಅಳತೆ. ಪ್ರೀಕಾಸ್ಟ್, ಅಲ್ಯೂಮಿನಿಯಂ ಅಚ್ಚು ಇವೆಲ್ಲ ಲಾಭ ಕೊಡುವುದು ಒಂದೇ ಅಚ್ಚನ್ನು ನೂರಾರು ಸಲ ಬಳಸಿದಾಗ. ಜಂಬೂರು, ಕರ್ಣಂಗೇರಿಯಂಥ ಪುನರ್ವಸತಿ ಬಡಾವಣೆಗೆ ಆ ಲೆಕ್ಕ ಕೂಡಬಹುದು. ತೋಟದ ನಡುವಿನ ಒಂಟಿ ಮನೆಗೆ ಕ್ರೇನು ಕರೆಸಿ ಪ್ರೀಕಾಸ್ಟ್ ಗೋಡೆ ನಿಲ್ಲಿಸುವುದು ದುಡ್ಡಿದ್ದವರ ಹಟ. ಮುದ್ರಿಸುವ ಮನೆಯೂ ಸದ್ಯಕ್ಕೆ ಅಷ್ಟೇ.

ಉಕ್ಕಿನ ಚೌಕಟ್ಟು ಬೇರೆ. ಒಬ್ಬೊಬ್ಬರೇ ಹೊತ್ತೊಯ್ಯಬಹುದಾದ ತುಂಡುಗಳು, ಕೊನೇ ತಿರುವು ಅದಕ್ಕೆ ಅಡ್ಡಿಯಲ್ಲ. ಐದಾರು ಜನರ ತಂಡ ಬಂದು ಕೆಲವೇ ವಾರದಲ್ಲಿ ಎಬ್ಬಿಸುತ್ತದೆ, ಕಾಫಿ ಕೊಯ್ಲಿನ ಆಳಿನ ಕೊರತೆ ತಟ್ಟುವುದಿಲ್ಲ. ಮನೆಯೇ ಹಗುರವಾದ್ದರಿಂದ ಇಳಿಜಾರಿನಲ್ಲಿ ಕಂಬದ ಮೇಲೆ ಕೂರಿಸಲು ಇದಕ್ಕಿಂತ ಒಳ್ಳೆಯದು ಕಾಣೆ.

ತೊಂದರೆ ಆಮೇಲಿನದು. ಬಚ್ಚಲಿನ ಪೈಪು ಸೋರಿದರೆ ನಮ್ಮೂರಿನ ಮೇಸ್ತ್ರಿ "ಅಣ್ಣ, ಇದು ನಮ್ ಕೈಲಾಗದು" ಎನ್ನುತ್ತಾನೆ, ತಂಡ ಬೆಂಗಳೂರಿನಿಂದ ಬರಬೇಕು. ಒಳಗಡೆ ಜಿಪ್ಸಂ ಹಲಗೆ ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಒಳಗೂ ಸಿಮೆಂಟ್ ಹಲಗೆಯನ್ನೇ ಕೇಳಿ. ಇಲಿ, ಅಳಿಲಿಗೆ ಗೋಡೆಯೊಳಗಿನ ಟೊಳ್ಳು ತವರುಮನೆ, ಹಲಗೆಯ ಒಂದು ಸಂದೂ ತೆರೆದಿರಬಾರದು. ಉಕ್ಕಿಗೆ ಸತುವಿನ ಲೇಪ ಚದರ ಮೀಟರಿಗೆ 275 ಗ್ರಾಂ ಇದೆಯೇ ಎಂದು ಬರಹದಲ್ಲಿ ಪಡೆಯಿರಿ. ಅತಿಥಿಗಳ ಎರಡು ಕೋಣೆಗೆ ನಾನು ಧಾರಾಳವಾಗಿ ಇದನ್ನೇ ಹೇಳುತ್ತೇನೆ. ಮೂರು ತಲೆಮಾರು ಇರಬೇಕಾದ ಮನೆಗೆ ಹೇಳಲು ಇನ್ನೂ ನಾಲಿಗೆ ತಡೆಯುತ್ತದೆ.

ಹಳೇ ಕಂಟೇನರ್ ತಂದು ಕೋಣೆ ಮಾಡುವುದು ಬೇಡ. ಬೆಳಿಗ್ಗೆ ಎದ್ದರೆ ಚಾವಣಿಯಿಂದ ಹನಿ ಬೀಳುತ್ತದೆ, ಮಳೆಯದ್ದಲ್ಲ, ಮಲಗಿದ್ದವರ ಉಸಿರಿನದ್ದು.

ಕಾಂಕ್ರೀಟು ಎಲ್ಲಿ ಕಲಸುವುದು

1,200 ಚದರ ಅಡಿಗೆ ಐದು ಇಂಚು ತಾರಸಿ ಎಂದರೆ 14 ಘನ ಮೀಟರ್ ಕಾಂಕ್ರೀಟು. ಕಲಸಿದ ಕಾಂಕ್ರೀಟನ್ನೇ ತರುವ ರೆಡಿಮಿಕ್ಸ್ ಗಾಡಿ ಮೂರು ಬಂದರೆ ಮುಗಿಯಿತು, ಗುಣಮಟ್ಟವೂ ಒಂದೇ ಸಮ. ಆದರೆ ತುಂಬಿದ ಗಾಡಿ ಇಪ್ಪತ್ತೈದು ಟನ್ ಮುಟ್ಟುತ್ತದೆ, ತೋಟದ ಮೋರಿ ಅದನ್ನು ಹೊರುತ್ತದೆಯೇ? ಕಲಸಿದ ಎರಡು ಗಂಟೆಯೊಳಗೆ ಸುರಿಯಬೇಕೆಂಬ ನಿಯಮ ಬೇರೆ. ಕುಶಾಲನಗರ, ಮಡಿಕೇರಿ ಪೇಟೆಯಲ್ಲಿ ಸರಿ, ಒಳಗಿನ ಊರುಗಳಿಗೆ ಕಷ್ಟ. ಅಂಥಲ್ಲಿಗೆ ತಾನೇ ಜಲ್ಲಿ ಮರಳು ಬಾಚಿಕೊಂಡು, ತೂಗಿ, ಕಲಸಿ, ಸುರಿಯುವ ಸೆಲ್ಫ್ ಲೋಡಿಂಗ್ ಮಿಕ್ಸರ್ ಬಾಡಿಗೆಗೆ ತನ್ನಿ. ಸಲಕ್ಕೆ ಎರಡು ಎರಡೂವರೆ ಘನ ಮೀಟರ್, ಆರೇಳು ಸುತ್ತಿಗೆ ತಾರಸಿ ಮುಗಿಯುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಕಲಸುವಾಗ ಸಂಜೆಯ ಹೊತ್ತಿಗೆ ನೀರು ಜಾಸ್ತಿಯಾಗುವ ಕಾಯಿಲೆ ಇದರಲ್ಲಿಲ್ಲ. ಕೈಯಾಳು ಸಿಗದ ಜನವರಿಯಲ್ಲಿ ಇದರ ಬಾಡಿಗೆ ದುಬಾರಿ ಅನ್ನಿಸುವುದೇ ಇಲ್ಲ.

ಸೂರು

ಚಪ್ಪಟೆ ತಾರಸಿ ಹಾಕಿಸಿ, ಮೂರನೇ ವರ್ಷ ಸೋರಿ, ಅದರ ಮೇಲೆ ಕಬ್ಬಿಣದ ಕೈಮರ ನಿಲ್ಲಿಸಿ ಶೀಟು ಹೊದಿಸುವುದು ನಮ್ಮ ಜಿಲ್ಲೆಯ ವಾಸ್ತುಶೈಲಿಯೇ ಆಗಿಬಿಟ್ಟಿದೆ. ಎರಡು ಸೂರಿಗೆ ದುಡ್ಡು ಕೊಡುವ ಬದಲು ಮೊದಲೇ ಒಂದನ್ನು ಆರಿಸಿ. ಮೇಲೆ ಕಾಫಿಯೋ ಮೆಣಸೋ ಒಣಗಿಸುವ ಜಾಗ ಬೇಕೆಂದೇ ಇದ್ದರೆ ತಾರಸಿ ಮತ್ತು ಶೀಟು ಎರಡನ್ನೂ ಒಟ್ಟಿಗೇ ಯೋಜಿಸಿ, ಕಂಬದ ಕಬ್ಬಿಣವನ್ನು ತಾರಸಿ ಎರೆಯುವಾಗಲೇ ಬಿಟ್ಟುಕೊಳ್ಳಿ. ಆಮೇಲೆ ತೂತು ಕೊರೆದು ಬೋಲ್ಟು ಹಾಕಿದ ಜಾಗದಿಂದಲೇ ಸೋರುವುದು.

ಮಂಗಳೂರು ಹಂಚು ತಂಪು, ಸದ್ದಿಲ್ಲ, ಒಡೆದರೆ ಒಂದೇ ಹಂಚು ಬದಲಿಸಬಹುದು. ಆದರೆ ವರ್ಷಕ್ಕೊಮ್ಮೆ ಹಂಚು ಕೈಯಾಡಿಸುವವರು ಈಗ ಎಲ್ಲಿದ್ದಾರೆ? ಮೇಲೆ ಮಂಗಗಳ ಕಾಟ. ಬಣ್ಣದ ಶೀಟು ಹಗುರ, ಬೇಗ ಆಗುತ್ತದೆ, ಅರ್ಧ ಮಿಲಿಮೀಟರಿಗಿಂತ ತೆಳುವಾದದ್ದು ಬೇಡ. ಜುಲೈ ರಾತ್ರಿ ಅದರ ಕೆಳಗೆ ಕೂತು ಫೋನಿನಲ್ಲಿ ಮಾತಾಡಲು ಮಾತ್ರ ಆಗದು. ನನ್ನ ಒಲವು ಇಳಿಜಾರು ಕಾಂಕ್ರೀಟಿನ ಮೇಲೆ ಹಂಚು ಹೊದಿಸುವುದರ ಕಡೆ. ಖರ್ಚು ಹೆಚ್ಚು, ನಿಜ.

ಇನ್ನು ಕೊಟೇಶನ್ ಓದುವ ಬಗೆ. "ಸೈಟಿಗೆ ತಲುಪಿಸುವುದು" ಎಂದು ಬರೆದಿದ್ದರೆ ಯಾವ ಸೈಟಿಗೆ ಎಂದು ಕೇಳಿ. ಡಾಂಬರು ರಸ್ತೆಯ ಅಂಚಿಗೋ, ನಿಮ್ಮ ಪಾಯದ ಪಕ್ಕಕ್ಕೋ? ಇಳಿಸುವ ಕೂಲಿ ಯಾರದ್ದು? ಒಡೆದ ಬ್ಲಾಕು ಯಾರ ಲೆಕ್ಕಕ್ಕೆ? ಮೂರನ್ನೂ ಬರೆಸಿಕೊಳ್ಳಿ.

ಆಮೇಲೆ ಸೂರಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಹುಡುಕಿ. 1,200 ಚದರ ಅಡಿ ಸೂರಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 11,000 ಲೀಟರ್ ನೀರು. ಆಷಾಢದಲ್ಲಿ ಇಂಥ ದಿನಗಳು ಸಾಲಾಗಿ ಬರುತ್ತವೆ. ಸೂರಂಚಿನ ನೀರು ಹಿಡಿಯುವ ದೋಣಿಯೂ ಇಳಿಪೈಪೂ ಕೊಟೇಶನ್ನಿನಲ್ಲಿರುತ್ತವೆ, ಪೈಪು ಅಂಗಳದ ಮೂಲೆಯಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ನೀರು ಇಂಗುವುದು ನೀವು ಲಕ್ಷಗಟ್ಟಲೆ ಸುರಿದು ಕಟ್ಟಿಸಿದ ತಡೆಗೋಡೆಯ ಬೆನ್ನಿಗೆ. ಅಂಗಳದಿಂದ ತೋಡಿನವರೆಗಿನ ಆ ಪೈಪನ್ನು ಇಷ್ಟು ವರ್ಷದಲ್ಲಿ ಯಾವ ಕೊಟೇಶನ್ನಿನಲ್ಲೂ ನಾನು ಕಂಡಿಲ್ಲ. ಕೊನೇ ಸಾಲಾಗಿ ನೀವೇ ಸೇರಿಸಿ, ಅಡಿ ಲೆಕ್ಕ ಹಾಕಿ.